ಭಾವನ ಪಿಸ್ತೂಲಿನ ಹಿಡಿ

ಆಫೀಸಿನಿಂದ ಬಂದು ನಾನಿನ್ನೂ ಕೋಟು ಬಿಚ್ಚಿರಲಿಲ್ಲ. ಭಾವ ಅಡುಗೆಮನೆಯ ಮೇಜಿನ ಮೇಲೆ ಒಂದು ಪಿಸ್ತೂಲು, ತಂತಿ ಬೆಸೆಯುವ ಒಂದು ಸೋಲ್ಡರಿಂಗ್ ಐರನ್ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

"ಬಂದ್ಯಾ ಲಾಯರಮ್ಮ? ಕೂತ್ಕೋ. ನಿನ್ ಕೈಲಿ ಒಂದು ಕೆಲಸ ಐತೆ."

"ಕಾಫಿ ಇದ್ರೆ ಕೂತ್ಕೋತೀನಿ. ಇಲ್ಲಾಂದ್ರೆ ಮಲ್ಕೋತೀನಿ."

ಆಫೀಸಿರುವ ಸ್ಯಾಂಡಿಫರ್ಡಿನಿಂದ ಮನೆಯಿರುವ ಕ್ಲಾಂಡಾಲ್ಕಿನ್‌ಗೆ ಬರುವುದೆಂದರೆ ಟ್ರಾಮು ಹತ್ತಿ ಪೇಟೆಯ ನಡುವೆ ಇಳಿದು, ಮಳೆಯಲ್ಲಿ ಬಸ್‌ಸ್ಟಾಪಿನವರೆಗೆ ನಡೆದು, ಬಸ್ಸು ಬರುತ್ತದೆಂದು ಬೋರ್ಡು ಹೇಳುವುದನ್ನು ನಂಬಿ ನಿಲ್ಲುವುದು. ಮನೆ ಮುಟ್ಟುವ ಹೊತ್ತಿಗೆ ವಾದ ಮಾಡುವ ಶಕ್ತಿಯೂ ಉಳಿದಿರುತ್ತಿರಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಮಾತೇ. ಕಾಲೇಜಿನಲ್ಲಿ ಪಾಠಕ್ಕಿಂತ ಹೆಚ್ಚು ಹೊತ್ತನ್ನು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಎದುರಿನವರ ಮಾತಿನಲ್ಲಿ ಎಲ್ಲಿ ಸಂದು ಬಿಟ್ಟಿದೆ ಎಂದು ಹುಡುಕುವುದು ಅಭ್ಯಾಸವಾಗಿಹೋಗಿದೆ. ಭಾವ ಲಾಯರಮ್ಮ ಎನ್ನುವುದು ಅದಕ್ಕೇ. ಅಕ್ಕನ ಮನೆಯಲ್ಲಿ ಬಾಡಿಗೆಯಿಲ್ಲದೆ ಇದ್ದುಕೊಂಡು ಅಕ್ಕನ ಗಂಡನ ಮಾತಿಗೆಲ್ಲ ಅಡ್ಡ ಹಾಕುವುದು ಸರಿಯಲ್ಲ ಎಂದು ಅಮ್ಮ ಫೋನಿನಲ್ಲಿ ಆಗಾಗ ಹೇಳುತ್ತಾಳೆ. ಅದಕ್ಕೂ ನನ್ನ ಬಳಿ ಉತ್ತರವಿದೆ.

ಪಿಸ್ತೂಲು ನಿಜವಾದದ್ದಲ್ಲ. ಏರ್‌ಸಾಫ್ಟ್ ಎನ್ನುತ್ತಾರೆ. ಒಳಗೆ ತುಂಬಿದ ಗ್ಯಾಸಿನ ಒತ್ತಡಕ್ಕೆ ಕಡಲೆಕಾಳಿಗಿಂತ ಸಣ್ಣ ಪ್ಲಾಸ್ಟಿಕ್ ಗುಂಡು ಉಗಿಯುವ ಆಟದ ಸಾಮಾನು. ಆದರೆ ತೂಕ, ಬಣ್ಣ, ಆಕಾರ ಎಲ್ಲ ಅಸಲಿಯಂತೆಯೇ. ಹಾಗಾಗಿ ಅದು ಮನೆಯಿಂದ ಹೊರಗೆ ಹೋಗುವುದಾದರೆ ಚೀಲದೊಳಗೆ ಮುಚ್ಚಿಕೊಂಡು, ಕಾರಿನ ಡಿಕ್ಕಿಯಲ್ಲಿ ಹೋಗಬೇಕು. ಪ್ರತಿ ಶನಿವಾರ ಭಾವ ಅದನ್ನು ಹಾಗೆ ಮಲಗಿಸಿಕೊಂಡು ಕೈಗಾರಿಕಾ ವಲಯದ ಹಳೆಯ ಗೋದಾಮೊಂದಕ್ಕೆ ಹೋಗುತ್ತಿದ್ದರು. ಅಲ್ಲಿ ಮರದ ಹಲಗೆಗಳ ಹಿಂದೆ ಅಡಗಿ, ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು, ದೊಡ್ಡ ಗಂಡಸರು ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳುತ್ತಾರೆ. ಗುಂಡು ತಾಗಿದವರು ತಾವೇ ಕೈಯೆತ್ತಿ ಹೊರಗೆ ಬರಬೇಕು. ಸುಳ್ಳು ಹೇಳಿದರೆ ಕೇಳುವವರಿಲ್ಲ, ಆದರೂ ಯಾರೂ ಸುಳ್ಳು ಹೇಳುವುದಿಲ್ಲವಂತೆ. ನನಗೆ ಆ ಕೊನೆಯ ಭಾಗ ನಂಬಲು ಕಷ್ಟವಾಗಿತ್ತು.

ಭಾವನ ತಂಡದಲ್ಲಿ ನಾಲ್ವರು. ಕ್ಯಾಪ್ಟನ್ ವ್ಯಾನ್ ಓಡಿಸುವವನು, ಒಬ್ಬ ಪ್ಲಂಬರ್, ಒಬ್ಬ ಶಾಲಾ ಮೇಷ್ಟ್ರು, ಮತ್ತೆ ನಮ್ಮ ಭಾವ. ಈ ದೇಶಕ್ಕೆ ಬಂದ ಮೇಲೆ ಆಫೀಸಿನ ಮೂಲಕವಲ್ಲದೆ, ಕನ್ನಡ ಸಂಘದ ಮೂಲಕವಲ್ಲದೆ, ಅಕ್ಕನ ಮೂಲಕವಲ್ಲದೆ ಅವರು ಸಂಪಾದಿಸಿಕೊಂಡ ಸ್ನೇಹ ಅದೊಂದೇ. ಒಮ್ಮೆ ಹೇಳಿದ್ದರು: "ಅಲ್ಲಿ ನಾನು ಯಾರ ಗಂಡಾನೂ ಅಲ್ಲ, ಯಾರ ಆಫೀಸಿನ ರಿಸೋರ್ಸೂ ಅಲ್ಲ ಕಣೆ. ಬರೀ ಬಾಗಿಲು ಕಾಯೋನು." ಅವರ ತಂಡ ಒಳಗೆ ನುಗ್ಗಿದಾಗ ಹಿಂದಿನ ಬಾಗಿಲು ಕಾಯುವುದು ಅವರ ಕೆಲಸವಾಗಿತ್ತು.

ಕಷ್ಟ ಶುರುವಾದದ್ದು ಕೈಯಿಂದ. ಹಿಂದಿನ ಚಳಿಗಾಲದಲ್ಲಿ ಕಾಲುವೆ ದಂಡೆಯ ಮೇಲೆ ಮಂಜುಗಡ್ಡೆ ಕಟ್ಟಿದ್ದ ದಾರಿಯಲ್ಲಿ ಸೈಕಲ್ ಜಾರಿ ಬಿದ್ದು ಭಾವ ಬಲ ಮೊಣಕೈಗೆ ಪೆಟ್ಟು ಮಾಡಿಕೊಂಡಿದ್ದರು. ಮೂಳೆ ಮುರಿದಿರಲಿಲ್ಲ. ಆದರೆ ಕಿರುಬೆರಳು, ಉಂಗುರ ಬೆರಳು ಜುಮ್ಮೆನ್ನತೊಡಗಿದವು. ಆಮೇಲೆ ಜುಮ್ಮೆನ್ನುವುದೂ ನಿಂತಿತು. ನರದ ಪರೀಕ್ಷೆಗೆ ಹೆಸರು ಬರೆಸಿ ಆಗಿತ್ತು, ಸರದಿ ಬಂದಿರಲಿಲ್ಲ. "ಜೀಪಿ ಡಾಕ್ಟ್ರ ಹತ್ರ ಹೋಗಿ ಜಾಸ್ತಿ ಆಗಿದೆ ಅಂತ ಹೇಳಿ, ಅರ್ಜೆಂಟ್ ಅಂತ ಬರೆಸ್ಕೊಂಡು ಬನ್ನಿ" ಎಂದು ಅಕ್ಕ ಹೇಳುತ್ತಲೇ ಇದ್ದಳು. "ಈಗ ಎಷ್ಟೋ ವಾಸಿ" ಎಂದು ಭಾವ ಹೇಳುತ್ತಲೇ ಇದ್ದರು. ಲೋಟ ಕೈಜಾರುತ್ತಿದ್ದುದನ್ನು ನಾನು ನೋಡಿದ್ದೆ. ಅಕ್ಕ ಇಲ್ಲದಾಗ ಮಾತ್ರ ಜಾರುತ್ತಿತ್ತು. ಅಕ್ಕ ಇದ್ದಾಗ ಅವರು ಎಡಗೈಯಲ್ಲಿ ಹಿಡಿಯುತ್ತಿದ್ದರು.

ಗೋದಾಮಿನಲ್ಲಿ ಪಿಸ್ತೂಲು ಎರಡು ಸಲ ಕೈಯಿಂದ ಬಿದ್ದಿತ್ತಂತೆ. ನವೆಂಬರಿನಲ್ಲಿ ಪಂದ್ಯ, ಅದರಲ್ಲಿ ಪಿಸ್ತೂಲು ಬಿಟ್ಟು ಬೇರೇನೂ ಇಲ್ಲ, ಕೈಯಿಂದ ಬಿದ್ದರೆ ಆ ಸುತ್ತಿನಿಂದ ಔಟ್. ಕ್ಯಾಪ್ಟನ್ ಒಳ್ಳೆಯ ಮಾತಿನಲ್ಲೇ ಹೇಳಿದ್ದ: ಕೈ ಸರಿಮಾಡಿಕೋ, ಇಲ್ಲವೇ ಈ ಸಲ ಬಿಡು.

"ಅದಕ್ಕೇ ಇದು," ಎಂದು ಭಾವ ಪಿಸ್ತೂಲಿನ ಹಿಡಿಯನ್ನು ತೋರಿಸಿದರು. ಗಟ್ಟಿ ಪ್ಲಾಸ್ಟಿಕ್ಕು, ಸಾಬೂನಿನ ಪೆಟ್ಟಿಗೆಯಷ್ಟು ನುಣುಪು. "ಬಿಸಿ ಮೊನೆಯಿಂದ ಚುಕ್ಕಿ ಚುಕ್ಕಿ ಇಡ್ತಾ ಹೋದ್ರೆ ಒರಟಾಗ್ತದೆ. ಜಾರಲ್ಲ. ವಿಡಿಯೋ ಐತೆ ನೋಡು."

"ವಿಡಿಯೋದಲ್ಲಿ ಬೋಳು ತಲೆಗೂ ಕೂದಲು ಬರುತ್ತೆ ಭಾವ."

"ತಾಯಿ, ಕೇಳಿಲ್ಲಿ. ನಮ್ಮೂರಲ್ಲಿ ರುಬ್ಬೋ ಕಲ್ಲು ಸವೆದು ನುಣ್ಣಗಾದ್ರೆ ಕಲ್ಲು ಬಿಸಾಕ್ತಿರ್ಲಿಲ್ಲ. ಉಳಿ ಸುತ್ತಿಗೆ ಹಿಡ್ಕೊಂಡು ಬೀದೀಲಿ ಕೂಗ್ತಾ ಬರೋರು. ಚುಕ್ಕಿ ಚುಕ್ಕಿ ಕುಟ್ಟಿ ಕೊಟ್ಟು ಹೋಗೋರು. ಮತ್ತೆ ಹಿಟ್ಟು ನುಣ್ಣಗೆ ಬರ್ತಿತ್ತು. ಇದೂ ಅಷ್ಟೇಯ."

"ಇಲ್ಲಿ ನುಣ್ಣಗಾಗಿರೋದು ಕಲ್ಲಲ್ಲ ಭಾವ. ಕೈ."

ಭಾವ ಎದ್ದರು. ಚರ್ಚೆಯಲ್ಲಿ ಎದುರಿನವರು ಎದ್ದುಹೋದರೆ ಅಂಕ ನಮಗೆ. ಅಡುಗೆಮನೆಯಲ್ಲಿ ಹಾಗಲ್ಲ. ಅವರು ಕಾಫಿ ಬಿಸಿ ಮಾಡಿ ತಂದರು, ಎಡಗೈಯಲ್ಲಿ.

"ನನ್ ಕೈಲಿ ಆ ಐರನ್ ನಿಲ್ಲಲ್ಲ ಕಣೆ, ನಡುಗ್ತದೆ. ನೀನಾದ್ರೆ ರಂಗೋಲಿ ಇಟ್ಟೋಳು."

ನಾನು ಜೀವನದಲ್ಲಿ ರಂಗೋಲಿ ಇಟ್ಟವಳಲ್ಲ. ಅದನ್ನು ಹೇಳಲೂ ಆಯಾಸವಾಗಿ ಕೋಟು ಬಿಚ್ಚಿ ಕೂತೆ.

ಮೊದಲು ಸಾರಿನ ಪುಡಿ ತುಂಬಿಟ್ಟಿದ್ದ ಹಳೆಯ ಐಸ್‌ಕ್ರೀಂ ಡಬ್ಬಿಯ ಮುಚ್ಚಳದ ಮೇಲೆ ಅಭ್ಯಾಸ ಮಾಡಿದೆ. ಮುಚ್ಚಳ ತೂತಾಯಿತು. ಬಿಸಿ ಕಡಿಮೆ ಮಾಡಿ ಇನ್ನೊಂದು ಮುಚ್ಚಳ ತೆಗೆದುಕೊಂಡೆ. ಮೊನೆಯನ್ನು ಒತ್ತಬಾರದು, ಇಟ್ಟು ಒಂದು ಉಸಿರಿನಷ್ಟು ಹೊತ್ತು ಕಾದು ಎತ್ತಬೇಕು. ಆಗ ಪ್ಲಾಸ್ಟಿಕ್ಕು ಕರಗಿ ಗುಳಿಯ ಸುತ್ತ ಸಣ್ಣ ಅಂಚು ಏಳುತ್ತದೆ. ಆ ಅಂಚೇ ಕೈಯನ್ನು ಕಚ್ಚುವುದು. ಸಾಲಾಗಿ ಇಟ್ಟರೆ ಒಂದು ಚುಕ್ಕಿ ತಪ್ಪಿದರೂ ಎದ್ದು ಕಾಣುತ್ತದೆ, ಅಡ್ಡಾದಿಡ್ಡಿ ಇಟ್ಟರೆ ಎಲ್ಲ ತಪ್ಪುಗಳೂ ವಿನ್ಯಾಸವಾಗಿಬಿಡುತ್ತವೆ. ಇದನ್ನು ಕಂಡುಕೊಂಡಾಗ ಸ್ವಲ್ಪ ಸಮಾಧಾನವಾಯಿತು.

ಗುಂಡಿನ ಪೆಟ್ಟಿಗೆ ಕಳಚಿ, ಗ್ಯಾಸು ಬಿಟ್ಟು, ಹಿಡಿಯ ಭಾಗವನ್ನಷ್ಟೇ ಬೇರೆ ಮಾಡಿ ಭಾವ ಕೊಟ್ಟರು. ಗೆರೆ ದಾಟದಂತೆ ಸುತ್ತ ಟೇಪು ಅಂಟಿಸಿದೆ. ಕಿಟಕಿ ತೆರೆದಿಟ್ಟು, ಹಳೆಯ ಮಾಸ್ಕ್ ಹಾಕಿಕೊಂಡು, ಕುತ್ತಿಗೆಗೆ ಅಕ್ಕನ ಶಾಲು ಸುತ್ತಿಕೊಂಡು ಕೂತೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊರಗೆ ಹೋಗುತ್ತಿತ್ತು, ಮಳೆ ಒಳಗೆ ಬರುತ್ತಿತ್ತು. ಅಕ್ಕ ಮೇಲಿನ ಕೋಣೆಯಲ್ಲಿ ಅಮೆರಿಕದವರ ಜೊತೆ ಮೀಟಿಂಗಿನಲ್ಲಿದ್ದವಳು ಇಳಿದು ಬಂದು, "ಏನ್ರೀ ಇದು, ಮನೇನೋ ಗ್ಯಾರೇಜೋ?" ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳುವಷ್ಟು ಬಿಡುವಿಲ್ಲದೆ ನೀರು ಹಿಡಿದುಕೊಂಡು ಹೋದಳು.

ಒಂದು ವಾರದ ಸಂಜೆಗಳೆಲ್ಲ ಅದಕ್ಕೇ ಹೋದವು. ಆಫೀಸಿನಲ್ಲಿ ಇಡೀ ದಿನ ಪರದೆಯ ಮೇಲೆ ಯಾರಿಗೂ ಬೇಡದ ಅಂಕಿಗಳನ್ನು ಚೌಕದಿಂದ ಚೌಕಕ್ಕೆ ಸಾಗಿಸಿ ಬಂದು, ಮನೆಯಲ್ಲಿ ಚುಕ್ಕಿ. ಭಾವ ಎದುರು ಕೂತು ಪ್ರತಿ ಸಂಜೆ ಹಿಡಿದು ನೋಡುತ್ತಿದ್ದರು. "ಇನ್ನೂ ಸ್ವಲ್ಪ." ಮರುದಿನ ಮತ್ತೆ, "ಇನ್ನೂ ಸ್ವಲ್ಪ ಒರಟು ಬೇಕು." ನನ್ನ ಅಂಗೈಗೆ ಅದಾಗಲೇ ಹಲಸಿನ ಹಣ್ಣಿನ ಸಿಪ್ಪೆ ಹಿಡಿದಂತಿತ್ತು.

"ಸಾಕು ಭಾವ, ಇದು ಚುಚ್ಚುತ್ತೆ. ಬೇಕಾದ್ರೆ ಗ್ಲೋವ್ಸ್ ಹಾಕ್ಕೊಳ್ಳಿ, ಅದ್ರಲ್ಲೇ ಹಿಡಿತ ಬರುತ್ತೆ."

"ಗ್ಲೋವ್ಸ್ ಹಾಕಿದ್ರೆ ಇರೋದೂ ಗೊತ್ತಾಗಲ್ಲ."

"ಏನು ಗೊತ್ತಾಗಲ್ಲ?"

"ಕೈಯಾಗೆ ಐತೋ ಇಲ್ವೋ ಅಂತ," ಎಂದು ಹೇಳಿ, ಹೇಳಿದ್ದು ಹೆಚ್ಚಾಯಿತೆಂಬಂತೆ ನಕ್ಕು, "ನೀನು ಚುಕ್ಕಿ ಇಡು" ಎಂದರು.

ಇಟ್ಟೆ. ಹಿಂಬದಿಗೆ, ಮುಂಬದಿಗೆ, ಬೆರಳುಗಳು ಸುತ್ತಿಕೊಳ್ಳುವ ಕಡೆ ಇನ್ನೂ ದಟ್ಟವಾಗಿ. ಕೊನೆಗೆ ಮೇಲೆ ಎದ್ದ ಚೂರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದೆ. ನಯವಾದ ಮರಳುಕಾಗದದಿಂದ ಒಮ್ಮೆ ಸವರೋಣವೆಂದರೆ ಭಾವ ಬಿಡಲಿಲ್ಲ. "ಕಷ್ಟಪಟ್ಟು ಮುಳ್ಳು ಎಬ್ಬಿಸಿ ಮತ್ತೆ ಸವರ್ತಾರೇನೇ?"

ಆ ಹೊತ್ತಿಗೆ ಆಯುಧಪೂಜೆ ಬಂತು. ಇಲ್ಲಿ ರಜೆಯಿಲ್ಲ. ಅಕ್ಕ ಸಂಜೆ ಮೀಟಿಂಗುಗಳ ನಡುವೆ ಒಂದು ಸಂದು ಹುಡುಕಿ, ಮಣೆಯ ಮೇಲೆ ಮೂರು ಲ್ಯಾಪ್‌ಟಾಪು, ಮಿಕ್ಸಿ, ಕತ್ತರಿ, ಕಾರಿನ ಕೀಲಿ ಜೋಡಿಸಿದಳು. ಭಾವ ಪಿಸ್ತೂಲು ತಂದು ಮಿಕ್ಸಿಯ ಪಕ್ಕ ಇಟ್ಟರು.

"ತೆಗೀರಿ ಅದನ್ನ. ಆಟದ ಸಾಮಾನಿಗೆಲ್ಲ ಯಾರಾದ್ರೂ ಪೂಜೆ ಮಾಡ್ತಾರಾ?"

"ಹೆಸರೇ ಆಯುಧಪೂಜೆ ಕಣೆ. ಈ ಮನೇಲಿ ಆಯುಧದ ಥರ ಕಾಣೋದು ಇದೊಂದೇ. ನಿನ್ ಎಕ್ಸೆಲ್ ಶೀಟಿಗೆ ಕುಂಕುಮ ಹಚ್ತೀಯಲ್ಲ."

"ಈ ಸಲ ಭಾವನ ಪಾಯಿಂಟ್ ಸರಿ ಇದೆ," ಎಂದೆ. ದೇವರ ವಿಷಯದಲ್ಲಿ ನನಗೆ ನಂಬಿಕೆಯಿಲ್ಲ, ತರ್ಕದ ವಿಷಯದಲ್ಲಿ ಇದೆ.

ಅಕ್ಕ ಹಣೆ ಚಚ್ಚಿಕೊಂಡು, ನೀರಿನಲ್ಲಿ ಕಲಸಿದ ಅರಿಸಿನ ಕುಂಕುಮವನ್ನು ಹಿಡಿಯ ಎರಡೂ ಬದಿಗೆ ಧಾರಾಳವಾಗಿ ಬಳಿದಳು. ನನ್ನ ಚುಕ್ಕಿಗಳೆಲ್ಲ ಕುಂಕುಮ ತುಂಬಿಕೊಂಡವು. ಮರುದಿನ ಬ್ರಷ್ಷು ಹಾಕಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಕಪ್ಪು ಹಿಡಿಯ ತುಂಬ ಕೆಂಪು ಗುಳಿಗಳು. ಭಾವನಿಗೆ ಅದೂ ಇಷ್ಟವಾಯಿತು.

ಆ ಸಂಜೆಯಿಂದ ಅವರ ಅಭ್ಯಾಸ ಶುರುವಾಯಿತು. ಸೊಂಟದ ಚೀಲದಿಂದ ಪಿಸ್ತೂಲು ಎಳೆಯುವುದು, ಗುರಿ ಹಿಡಿಯುವುದು, ವಾಪಸ್ಸು ಹಾಕುವುದು, ಮತ್ತೆ ಎಳೆಯುವುದು. ಒಳಗಿನ ಕೋಣೆಯಲ್ಲಿ ಪರದೆ ಎಳೆದುಕೊಂಡು, ಗೋಡೆಯ ಕ್ಯಾಲೆಂಡರಿನ ಎದುರು. ಬೀಳಲಿಲ್ಲ. ಬೀಳಲಿಲ್ಲವೆಂದು ಕೂಗಿ ಹೇಳುತ್ತಿದ್ದರು. ನೀರು ಕುಡಿಯಲು ಅಡುಗೆಮನೆಗೆ ಬಂದಾಗ ಬೆರಳುಗಳು ಕೆಂಪಗಿದ್ದವು.

"ಕುಂಕುಮ ಇನ್ನೂ ಬಿಡ್ತಾ ಇದೆಯಾ? ಸೋಪ್ ಹಾಕಿ ತೊಳ್ಕೊಳ್ಳಿ, ಟವಲಿಗೆಲ್ಲ ಹತ್ತುತ್ತೆ."

"ದೇವರ ದಯೆ ಅಷ್ಟು ಬೇಗ ಹೋಗಲ್ಲಮ್ಮ," ಎಂದು ಪ್ಯಾಂಟಿಗೆ ಒರೆಸಿಕೊಂಡು ಹೋದರು.

ಶನಿವಾರ ನನ್ನನ್ನೂ ಹೊರಡಿಸಿದರು. "ಸೋತಿದ್ದೀಯ ಅಂತ ನೀನೇ ಕಣ್ಣಾರೆ ನೋಡ್ಬೇಕು." ಗೋದಾಮಿನಲ್ಲಿ ಹೊರಗಿಗಿಂತ ಹೆಚ್ಚು ಚಳಿಯಿತ್ತು. ಬಲೆ ಕಟ್ಟಿದ ಮೂಲೆಯೊಂದರಲ್ಲಿ ನೋಡುವವರಿಗೆ ಬೆಂಚು ಹಾಕಿದ್ದರು. ಕ್ಯಾಪ್ಟನ್ ಭಾವನ ಪಿಸ್ತೂಲನ್ನು ತಿರುಗಿಸಿ ನೋಡಿ, ಈ ಕೆಂಪು ಏನೆಂದು ಕೇಳಿದ. ಭಾವ "ಬ್ಲೆಸ್ಸಿಂಗ್" ಎಂದರು. "ಗ್ರ್ಯಾಂಡ್, ಮುಂದಿನ ಸಲ ನಮ್ಮದಕ್ಕೂ ಸ್ವಲ್ಪ ಹಚ್ಚಿಬಿಡು" ಎಂದು ಅವನು ತನ್ನ ಭಾಷೆಯಲ್ಲಿ ಹೇಳಿದ. ಇಲ್ಲಿನವರಿಗೆ ಗ್ರ್ಯಾಂಡ್ ಎಂದರೆ ‘ಸರಿ, ಪರವಾಗಿಲ್ಲ’ ಎಂದಷ್ಟೇ.

ಎರಡು ಗಂಟೆಯ ಆಟ. ಭಾವ ಹಿಂದಿನ ಬಾಗಿಲು ಕಾದರು. ಅಸಹಜವಾಗಿ, ಕತ್ತಿನ ನರ ಎದ್ದು ಕಾಣುವಷ್ಟು ಬಿಗಿಯಾಗಿ ಹಿಡಿದಿದ್ದರು, ಆದರೆ ಪಿಸ್ತೂಲು ಒಮ್ಮೆಯೂ ಬೀಳಲಿಲ್ಲ. ಯಾರೋ ಹೊಡೆದ ಗುಂಡು ತೋಳಿಗೆ ತಾಗಿದಾಗ, ಬೇರೆ ಯಾರೂ ನೋಡಿರದಿದ್ದರೂ, ತಾವೇ ಕೈಯೆತ್ತಿ ಹೊರಬಂದರು. ಕೊನೆಯಲ್ಲಿ ಕ್ಯಾಪ್ಟನ್ ಬೆನ್ನು ತಟ್ಟಿ, ನವೆಂಬರಿಗೆ ನೀನು ಇದ್ದೀಯ ಎಂದ.

ಕಾರಿನಲ್ಲಿ ಭಾವ ಸುಮ್ಮನಿರಲೇ ಇಲ್ಲ. "ಏನಂತೀಯ ಲಾಯರಮ್ಮ? ಒಪ್ಕೋ."

"ಬೀಳಲಿಲ್ಲ ಅಂತ ಒಪ್ಕೋತೀನಿ. ಕೈ ಸರಿಯಾಗಿದೆ ಅಂತ ಒಪ್ಕೊಳ್ಳಲ್ಲ. ಎರಡೂ ಬೇರೆ ಬೇರೆ ವಿಷಯ."

"ಥೂ, ನಿನ್ ಕಟ್ಕೊಳ್ಳೋನ ಪಾಡು ನೆನೆಸ್ಕೊಂಡ್ರೆ ಅಯ್ಯೋ ಅನ್ನಿಸ್ತದೆ."

ಮನೆಯಲ್ಲಿ ಅಕ್ಕ ಅನ್ನ, ಬೇಳೆ ಸಾರು ಮಾಡಿದ್ದಳು. ಎಲ್ಲರಿಗೂ ಹಸಿವು. ಭಾವ ಕೈ ತೊಳೆದ ಶಾಸ್ತ್ರ ಮಾಡಿ ಕೂತು, ಊರಿಂದ ಬಂದ ನಿಂಬೆ ಉಪ್ಪಿನಕಾಯಿಯನ್ನು ಜಾಸ್ತಿಯೇ ಬಡಿಸಿಕೊಂಡರು. ಅನ್ನಕ್ಕೆ ಉಪ್ಪಿನಕಾಯಿಯ ರಸ ಹಾಕಿ ಐದೂ ಬೆರಳಿನಿಂದ ಕಲಸುತ್ತ, ಆಟದ ವರದಿ ಒಪ್ಪಿಸುತ್ತಿದ್ದರು. ಪ್ಲಂಬರ್ ಹೇಗೆ ಜಾರಿದ, ಮೇಷ್ಟ್ರು ಹೇಗೆ ಹಲಗೆಯ ಹಿಂದೆ ಸಿಕ್ಕಿಹಾಕಿಕೊಂಡ. ಅಕ್ಕ ನಗುತ್ತಿದ್ದಳು. ಬಹಳ ದಿನಗಳ ಮೇಲೆ ನಗುತ್ತಿದ್ದಳು.

"ಕುಂಕುಮ ಇನ್ನೂ ಹೋಗಿಲ್ವಲ್ರೀ," ಎಂದಳು ನಗುತ್ತಲೇ. "ಅನ್ನಕ್ಕೆಲ್ಲ ಆಗ್ತಿದೆ ನೋಡಿ."

ಅನ್ನದ ಅಂಚಿನಲ್ಲಿ ಕೆಂಪು ಹಬ್ಬಿತ್ತು. ಉಪ್ಪಿನಕಾಯಿಯ ಕೆಂಪಲ್ಲ, ಅದಕ್ಕೆ ಎಣ್ಣೆಯಿರುತ್ತದೆ. ಕುಂಕುಮದ್ದೂ ಅಲ್ಲ. ನಾನು ನೋಡುತ್ತಿದ್ದಂತೆ ಅಕ್ಕನ ನಗು ನಿಂತಿತು. ಭಾವನ ಮಣಿಕಟ್ಟು ಹಿಡಿದು ಕೈಯನ್ನು ತಿರುಗಿಸಿದಳು.

ಉಂಗುರ ಬೆರಳಿನ, ಕಿರುಬೆರಳಿನ ಒಳಬದಿಯಲ್ಲಿ ಚರ್ಮವೇ ಇರಲಿಲ್ಲ. ಕ್ಯಾರೆಟ್ ತುರಿಯುವ ಮಣೆಗೆ ಉಜ್ಜಿದಂತೆ, ಬುಡದಿಂದ ತುದಿಯವರೆಗೆ ಹಸಿ ಗಾಯ. ಅದರ ಮೇಲೆ ನಿಂಬೆಯ ರಸ, ಉಪ್ಪು, ಮೆಣಸಿನ ಪುಡಿ.

"ಉರೀತಿಲ್ವಾ?" ಎಂದಳು ಅಕ್ಕ.

ಭಾವ ತಮ್ಮ ಕೈಯನ್ನೇ ನೋಡುತ್ತಿದ್ದರು, ಬೇರೆ ಯಾರದೋ ಕೈ ತಮ್ಮ ತಟ್ಟೆಗೆ ಬಂದಂತೆ. ಆಮೇಲೆ, "ಸ್ವಲ್ಪ ಉರೀತೈತೆ" ಎಂದರು. ತಡವಾಗಿತ್ತು.

ಅಕ್ಕ ಬೈಯಲಿಲ್ಲ. ಸಿಂಕಿನ ಬಳಿಗೆ ಕರೆದುಕೊಂಡು ಹೋಗಿ ತೊಳೆದಳು. ನಾನು ಹತ್ತಿ ಹುಡುಕಿ ತಂದೆ. ಗಾಯ ಒರೆಸಿದ ಮೇಲೆ ಕುರ್ಚಿಯಲ್ಲಿ ಕೂರಿಸಿ, "ಕಣ್ ಮುಚ್ಚಿ" ಎಂದಳು.

"ಯಾಕೆ?"

"ಮುಚ್ರೀ ಸುಮ್ನೆ. ಮುಟ್ಟಿದಾಗ ಹೇಳಿ."

ಕಿರುಬೆರಳಿನ ತುದಿಯನ್ನು ಹಿಸುಕಿದಳು. ಭಾವ ಏನೂ ಹೇಳಲಿಲ್ಲ. ಉಗುರನ್ನು ಒತ್ತಿದಳು. ಇಲ್ಲ. ಕೈ ತೆಗೆದು ಸುಮ್ಮನೆ ನಿಂತಳು. "ಹ್ಞಾಂ, ಈಗ," ಎಂದರು ಭಾವ. "ಈಗ ಗೊತ್ತಾಯ್ತು."

ಅಕ್ಕ ನನ್ನ ಕಡೆ ನೋಡಿದಳು. ಅವಳ ಎರಡೂ ಕೈ ಅವಳ ಸೊಂಟದ ಮೇಲಿದ್ದವು.

"ಕಣ್ ಬಿಡಿ," ಎಂದಳು. "ಯಾವಾಗಿಂದ?"

ಅವರು ಲೆಕ್ಕ ಹಾಕುವಂತೆ ಮಾಡಿದರು. "ಬೇಸಿಗೆ ಶುರುವಾಗೋವಾಗ ಸ್ವಲ್ಪ ಗೊತ್ತಾಗ್ತಿತ್ತು."

"ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ. ವಾಸಿ ಅಂತ ಅಲ್ಲೂ ಹೇಳಿದ್ರೆ ನೋಡಿ."

"ನರ ಹೀಗೇ ಬಿಟ್ಟರೆ ಹಿಡಿತಾನೂ ವಾಪಸ್ ಬರದೇ ಇರಬಹುದು ಭಾವ," ಎಂದೆ. ಈ ಮಾತನ್ನು ತಿಂಗಳುಗಳಿಂದ ಸಿದ್ಧವಿಟ್ಟುಕೊಂಡಿದ್ದೆ. ಹೇಳಿದ ಮೇಲೆ ಅದರಲ್ಲಿ ಸ್ವಾದವೇ ಇರಲಿಲ್ಲ.

ಭಾವ ನನ್ನ ಕಡೆ ತಿರುಗಿದರು. "ಲಾಯರಮ್ಮ, ಡಿಬೇಟಲ್ಲಿ ಎರಡೂ ಕಡೆಗೂ ಮಾತಾಡೋಕೆ ಬರಬೇಕು ಅಂತಿದ್ದೆಯಲ್ಲ. ನನ್ ಕಡೆಗೆ ಒಂದ್ಸಲ ಮಾತಾಡು. ನವೆಂಬರ್ ಪಂದ್ಯ ಒಂದು ಮುಗಿಸ್ಕೊಂಡು ಹೋಗ್ತೀನಿ ಅಂದ್ರೆ ತಪ್ಪೇನು?"

ಮಾತಾಡಬಹುದಿತ್ತು. ಇನ್ನೂ ಕೆಲವೇ ವಾರ. ಇಷ್ಟು ದಿನ ಕಾದ ಪರೀಕ್ಷೆಗೆ ಇನ್ನಷ್ಟು ದಿನ ಕಾದರೆ ಏನು. ಬೆರಳಿಗೆ ಪಟ್ಟಿ ಕಟ್ಟಿಕೊಂಡರೆ ಗಾಯವಾಗದು. ಮನುಷ್ಯನಿಗೆ ಕೈಯಷ್ಟೇ ಅಲ್ಲ, ಹೋಗಲು ಒಂದು ಜಾಗವೂ ಬೇಕು. ಕೊನೆಯದು ಗಟ್ಟಿ ವಾದ. ಅದನ್ನು ನಾನು ಈಗಲೂ ಖಂಡಿಸಲಾರೆ. ಬಾಯಿ ತೆರೆದೆ ಕೂಡ. ಆದರೆ ಅವರ ಬೆರಳಿನ ಹತ್ತಿ ಮತ್ತೆ ಕೆಂಪಾಗುತ್ತಿತ್ತು, ಅವರು ಅದನ್ನು ನೋಡದೆ ನನ್ನ ಮುಖ ನೋಡುತ್ತಿದ್ದರು.

"ಬರಲ್ಲ ಭಾವ. ಸುಸ್ತಾಗಿದೆ," ಎಂದೆ.

ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಎಡಗೈಯಲ್ಲಿ ಫೋನು ಎತ್ತಿಕೊಂಡು ಹೊರಬಾಗಿಲ ಬಳಿಯ ಪಡಸಾಲೆಗೆ ಹೋದರು. ಗೋಡೆ ತೆಳು, ಈ ಮನೆಗಳಲ್ಲಿ ಗುಟ್ಟು ಇಡುವುದು ಕಷ್ಟ. ಕ್ಯಾಪ್ಟನ್‌ಗೆ ಫೋನು ಮಾಡಿದ್ದರು. ಹವಾಮಾನದ ಮಾತಾಯಿತು. ಆಮೇಲೆ, ಯಾರೋ ದಾರಿ ಕೇಳಿದರೆ ಹೇಳುವಷ್ಟು ಸರಾಗವಾಗಿ, ಇಂಗ್ಲಿಷಿನಲ್ಲಿ ಹೇಳಿದರು: ನನ್ನ ಎರಡು ಬೆರಳು ಸತ್ತಿವೆ, ಬೇಸಿಗೆಯಿಂದ ಏನೂ ಗೊತ್ತಾಗುತ್ತಿಲ್ಲ, ಪಿಸ್ತೂಲು ಕೈಯಲ್ಲಿದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಿಳಿದುಕೊಳ್ಳುತ್ತಿದ್ದೆ, ಹೆದರಿಕೆಯಾಗಿತ್ತು.

ಅಕ್ಕ ಸಾರಿನ ಸೌಟು ಹಿಡಿದುಕೊಂಡು ಒಲೆಯ ಎದುರು ನಿಂತಿದ್ದಳು. ಹೆದರಿಕೆ ಎಂಬ ಮಾತನ್ನು ಅವಳು ಮೊದಲ ಸಲ ಕೇಳಿದ್ದು ಆಗ. ವ್ಯಾನ್ ಓಡಿಸುವ ಒಬ್ಬ ಅಪರಿಚಿತನಿಗೆ ಹೇಳುವಾಗ, ಗೋಡೆಯ ಈಚೆಯಿಂದ.

ಆ ಕಡೆಯವನು ಏನು ಹೇಳಿದನೋ ಕೇಳಿಸಲಿಲ್ಲ. ಭಾವ ಬಹಳ ಹೊತ್ತು ಕೇಳಿಸಿಕೊಂಡರು. ಒಮ್ಮೆ ನಕ್ಕರು. "ನೋ ನೋ, ಗ್ರ್ಯಾಂಡ್, ಗ್ರ್ಯಾಂಡ್" ಎಂದರು. ಒಳಗೆ ಬಂದು ಕೂತರು. ಅಕ್ಕ ಹೊಸ ತಟ್ಟೆಯಲ್ಲಿ ಅನ್ನ ಬಡಿಸಿ, ಕಲಸಿ, ಒಂದು ಚಮಚ ಇಟ್ಟಳು.

"ಏನಂದ?" ಎಂದು ಕೇಳಿದೆ.

"ಕೈ ನೋಡ್ಕೋ ಅಂದ. ಬಂದು ಆಟ ನೋಡ್ತಿರು ಅಂದ." ಚಮಚವನ್ನು ಎಡಗೈಗೆ ತೆಗೆದುಕೊಂಡು, ಅದನ್ನು ಹೇಗೆ ಹಿಡಿಯುವುದೆಂದು ಎರಡು ಮೂರು ರೀತಿ ಮಾಡಿ ನೋಡಿದರು. "ನನ್ ಜಾಗಕ್ಕೆ ಒಬ್ಬ ಇದಾನಂತೆ. ಅವನನ್ನ ಆಗ್ಲೇ ಕೇಳಿಟ್ಟಿದ್ನಂತೆ ಕ್ಯಾಪ್ಟನ್."

"ಯಾವಾಗ?"

"ಮೊದಲ್ನೇ ಸಲ ಪಿಸ್ತೂಲು ಬಿದ್ದಾಗಲೇ," ಎಂದು ಹೇಳಿ ಭಾವ ಊಟ ಮಾಡತೊಡಗಿದರು.